ಎರಡಿಂಚು ಇರಲಿ

ಕಾರಿನ ಹಿಂಭಾಗಕ್ಕೆ ಯಾರೋ ದಬದಬ ಬಡಿದಾಗ ಪರದೆ ಮೇಡಂ ಜಗಳಕ್ಕೆ ಸಿದ್ಧಳಾಗಿಯೇ ಕೆಳಗಿಳಿದಳು.

ಅವಳು ಮನೆಗಳಿಗೆ, ಆಫೀಸುಗಳಿಗೆ ಕಿಟಕಿ ಪರದೆ ಹೊಲಿದು ಹಾಕಿಕೊಡುವವಳು. ಪರದೆಯನ್ನೇನೋ ಮಡಚಿ ಸೀಟಿನ ಮೇಲಿಡಬಹುದು. ಅದನ್ನು ತೂಗುಹಾಕುವ ಸರಳುಗಳನ್ನು ಮಡಚುವುದು ಹೇಗೆ? ಅವು ಡ್ಯಾಶ್‌ಬೋರ್ಡಿನಿಂದ ಹೊರಟು, ಎರಡು ಸೀಟುಗಳ ನಡುವೆ ಹಾದು, ಹಿಂದಿನ ಕಿಟಕಿಯಿಂದ ಆಚೆಗೆ ಇಣುಕುತ್ತಿದ್ದವು. ಆಗಾಗ ಯಾರಾದರೊಬ್ಬ ಬೈಕ್ ಸವಾರ ಕಣ್ಣು ಹೋಗುತ್ತಿತ್ತಲ್ಲ ಎಂದು ರೇಗುವುದು, ಕಣ್ಣಿದ್ದವರು ನೋಡಿಕೊಂಡು ಬರಬೇಕು ಎಂದು ಇವಳು ತಿರುಗಿಸಿ ಹೇಳುವುದು ನಡೆದೇ ಇತ್ತು.

ಅದೇ ಅಭ್ಯಾಸಬಲದಿಂದ ಅವಳು ಆ ದಿನವೂ ಶುರುಹಚ್ಚಿಕೊಂಡಳು. ಸಿಗ್ನಲ್ಲಿನಲ್ಲಿ ಅಷ್ಟು ಹತ್ತಿರ ಬಂದು ನಿಲ್ಲುವುದೇಕೆ, ಕಾರಿಗೆ ಬಡಿಯುವುದೇಕೆ, ಹೆಂಗಸು ಓಡಿಸುತ್ತಿದ್ದಾಳೆಂದರೆ ಎಲ್ಲರಿಗೂ ಸದರವೇ ಎಂದೆಲ್ಲ ಕೇಳಿದಳು. ಎದುರಿಗಿದ್ದವನು ಹಿಂದಿನ ತಿರುವಿನಿಂದ ಓಡಿಬಂದು ಏದುಸಿರು ಬಿಡುತ್ತಿದ್ದ. ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಕೈಯಲ್ಲಿದ್ದ ಕೆಂಪು ಬಟ್ಟೆಯ ತುಂಡನ್ನು ಮುಂದೆ ಹಿಡಿದ.

“ನಿಮ್ಮ ಬಾವುಟ ಬಿತ್ತು.”

ಸರಳಿನ ತುದಿಗೆ ಎಚ್ಚರಿಕೆಗೆಂದು ಅವಳೇ ಕಟ್ಟಿದ್ದ ಬಟ್ಟೆ ಅದು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆತ ಬಗ್ಗಿ ಕಾರಿನೊಳಗೆ ನೋಡಿ, ಇಷ್ಟೊಂದು ಸರಳುಗಳ ನಡುವೆ ಗೇರ್ ಹಾಕಲು ಜಾಗವಿದೆಯೇ ಎಂದು ವಿಚಾರಿಸಿದ.

“ಎರಡನೇ ಗೇರ್‌ವರೆಗೆ ಇದೆ,” ಎಂದಳು.

ಅವನು ನಕ್ಕ. ನಗುವಾಗ ಮೊದಲು ಕಣ್ಣು, ಆಮೇಲೆ ಬಾಯಿ ನಗುವ ಜಾತಿಯವನು. ಅದನ್ನು ತಾನು ಗಮನಿಸಿದ್ದೇಕೆಂದು ಅವಳು ಮುಂದಿನ ಸಿಗ್ನಲ್ಲಿನವರೆಗೂ ತನ್ನನ್ನೇ ಬೈದುಕೊಂಡಳು.

ಹೊರಡುವ ಮುಂಚೆ ಅವನು ಹೇಳಿದ್ದು ಇಷ್ಟು: ಕಾರಿನ ನೆತ್ತಿಗೊಂದು ಸ್ಟೀಲ್ ರ್ಯಾಕ್ ಹಾಕಿದರೆ ಸರಳೂ ಹೋಗುತ್ತದೆ, ಏಣಿಯೂ ಹೋಗುತ್ತದೆ, ಮೂರನೇ ಗೇರೂ ಸಿಗುತ್ತದೆ. ಅಂಗಡಿಯಲ್ಲಿ ಸಿಗುವುದೆಲ್ಲ ಹೊಸ ಕಾರುಗಳಿಗೆ ಎಂದಳು ಅವಳು. ಇದು ಅಪ್ಪ ಓಡಿಸಿ ಬಿಟ್ಟುಹೋದ ಹಳೇ ಕಾರು, ಮೇಲಿನ ಎರಡೂ ಅಂಚಿಗೆ ಮಳೆನೀರು ಹರಿಯುವ ಸಣ್ಣ ಕಾಲುವೆಯಿದ್ದ ಕಾಲದ್ದು. ಅವನು ಆ ಕಾಲುವೆಯನ್ನು ಬೆರಳಿನಿಂದ ಸವರಿ, ಬೇಕಿದ್ದದ್ದು ಇದೇ ಎಂದ. ರ್ಯಾಕಿನ ಕಾಲುಗಳು ಇದನ್ನೇ ಹಿಡಿದು ಕೂರುತ್ತವೆ. ನಮ್ಮ ಮನೆಯಲ್ಲೇ ಮಾಡೋಣ, ಅಳತೆ ಕಳಿಸಿ ಎಂದ.

ಅವನು ಆಸ್ಪತ್ರೆಯೊಂದರಲ್ಲಿ ವೆಲ್ಡರ್. ಕಾಲು ಮುರಿದ ಮಂಚ, ಚಕ್ರ ಕಳಚಿದ ಸ್ಟ್ರೆಚರ್‌ಗಳೆಲ್ಲ ಅವನ ಪಾಲಿನ ರೋಗಿಗಳು. ನರ್ಸುಗಳು ಅವನನ್ನು ‘ಮಂಚದ ಡಾಕ್ಟರ್’ ಎಂದು ಕರೆಯುತ್ತಿದ್ದರು. ಈ ಹೆಸರು ಕಿವಿಗೆ ಬಿದ್ದಂದಿನಿಂದ ಅವಳೂ ಅವನನ್ನು ಡಾಕ್ಟ್ರೇ ಎಂದೇ ಕರೆದಳು.

ಅಳತೆಯನ್ನು ಫೋನಿನಲ್ಲಿ ಹೇಳಿದಳು. ಭಾನುವಾರ ಅವನ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಅಂಗಳದಲ್ಲಿ ಚೌಕದ ಪೈಪುಗಳು ಕಾಯುತ್ತಿದ್ದವು. ನೆಲದ ಮೇಲೆ ಸೀಮೆಸುಣ್ಣದಲ್ಲಿ ರ್ಯಾಕಿನ ಚಿತ್ರ ಬರೆದಾಗಿತ್ತು. ಜಗಲಿಯ ಕುರ್ಚಿಯಲ್ಲಿ ಅವನ ಸೋದರತ್ತೆ ಕುಳಿತಿದ್ದರು. ಹೆತ್ತವರಿಲ್ಲದ ಅಳಿಯನನ್ನು ಸಾಕಿ ಬೆಳೆಸಿದ ಅವರಿಗೆ ಬಾಯಿ ಜೋರು, ಮನಸ್ಸು ಮೆತ್ತಗೆ. ನೀನು ಪರದೆ ಹೊಲಿಯುವವಳಂತೆ, ನಮ್ಮ ಮನೆ ಕಿಟಕಿಗಳನ್ನು ನೋಡಿದೆಯಾ ಎಂದು ಮೊದಲ ಮಾತಿಗೇ ಕೇಳಿದರು. ಅವಳು ನೋಡಿದಳು. ಮನೆ ಒಪ್ಪವಾಗಿತ್ತು, ಕಿಟಕಿಗಳು ಮಾತ್ರ ಬೋಳು.

ಕೆಲಸದಲ್ಲಿ ಅವಳ ಪಾಲು ಪೈಪಿನ ತುದಿ ಹಿಡಿದುಕೊಳ್ಳುವುದು. ಅವನು ಕತ್ತರಿಸಿದ ತುಂಡುಗಳನ್ನು ಜೋಡಿಸಿ, ಮೂಲೆಮಟ್ಟ ಹಿಡಿದು, ಮುಖಕ್ಕೆ ಕಪ್ಪು ಗಾಜಿನ ಮುಸುಕು ಎಳೆದುಕೊಂಡು ಒಂದೇ ಮಾತು ಹೇಳುತ್ತಿದ್ದ: “ಕಣ್ಣು.” ಅವಳು ಕಣ್ಣು ಮುಚ್ಚಿ ಮುಖ ತಿರುಗಿಸುತ್ತಿದ್ದಳು. ಚರಚರ ಸದ್ದು, ಸುಟ್ಟ ಕಬ್ಬಿಣದ ವಾಸನೆ. ಸದ್ದು ನಿಂತ ಮೇಲೆ ತಿರುಗಿ ನೋಡಿದರೆ ಅವನು ಮುಸುಕು ಮೇಲೆತ್ತಿ ಇವಳನ್ನೇ ನೋಡುತ್ತಿರುತ್ತಿದ್ದ. ಹಿಡಿದದ್ದು ಅಲುಗಲಿಲ್ಲ ತಾನೇ ಎಂದು ಖಾತ್ರಿ ಮಾಡಿಕೊಳ್ಳುವವನಂತೆ ಕೂಡಲೇ ಪೈಪಿನ ಕಡೆ ಕಣ್ಣು ಹಾಯಿಸುತ್ತಿದ್ದ. ಪೈಪು ಅಲುಗಿರುತ್ತಿರಲಿಲ್ಲ. ಅವಳ ಎದೆಯ ವಿಷಯ ಬೇರೆ.

ಒಂದು ಮೂಲೆಗೆ ಅವನು ಚಿಕ್ಕದೊಂದು ಚುಕ್ಕೆಯಷ್ಟೇ ಬೆಸುಗೆ ಹಾಕಿ ಮುಂದೆ ಹೋಗುವುದನ್ನು ಕಂಡು, ಇಷ್ಟಕ್ಕೆ ನಿಲ್ಲುತ್ತದೆಯೇ ಎಂದು ಕೇಳಿದಳು.

“ಇದು ಟ್ಯಾಕ್ ಅಷ್ಟೇ. ತಪ್ಪಿದ್ರೆ ಬಿಚ್ಚಬಹುದು. ಎಲ್ಲಾ ಸರಿ ಇದೆ ಅಂತ ಗೊತ್ತಾದ್ಮೇಲೆ ಪೂರ್ತಿ ಹಾಕೋದು. ಪೂರ್ತಿ ಹಾಕಿದ್ಮೇಲೆ ಬಿಚ್ಚೋ ಮಾತಿಲ್ಲ.”

“ನಮ್ಮಲ್ಲೂ ಇದೆ. ಕಚ್ಚಾ ಹೊಲಿಗೆ ಅಂತೀವಿ,” ಎಂದಳು. ಬೇರೆ ಬೇರೆ ಊರಲ್ಲಿ ಬೆಳೆದ ಇಬ್ಬರಿಗೆ ಒಬ್ಬರೇ ಮೇಷ್ಟ್ರು ಪಾಠ ಹೇಳಿದ್ದರೆಂದು ಗೊತ್ತಾದಷ್ಟು ಖುಷಿಯಾಯಿತು ಅವಳಿಗೆ.

ಚೌಕಟ್ಟು ಸೊಟ್ಟಗಿದೆಯೋ ನೆಟ್ಟಗಿದೆಯೋ ನೋಡಲು ಮೂಲೆಯಿಂದ ಮೂಲೆಗೆ ಅಳೆಯಬೇಕು. ಅವಳ ಹೆಗಲಿನ ಟೇಪನ್ನೇ ಬಳಸಿದರು. ಎರಡು ತುದಿಗಳಲ್ಲಿ ಇಬ್ಬರೂ ಮಂಡಿಯೂರಿ, ಒಮ್ಮೆ ಹೀಗೆ, ಒಮ್ಮೆ ಹಾಗೆ ಅಳೆದರು. ಸರಿಯಾಗಿಯೇ ಇತ್ತು. ಸರಿಯಾಗಿದೆ ಎಂದ ಮೇಲೂ ಅವನು ಟೇಪಿನ ತುದಿ ಬಿಡಲಿಲ್ಲ, ಅವಳೂ ಎಳೆದುಕೊಳ್ಳಲಿಲ್ಲ. ಕಾಫಿ ಆರಿಹೋಗುತ್ತಿದೆ ಎಂದು ಜಗಲಿಯಿಂದ ಅತ್ತೆ ಕೂಗಿದರು.

ಇಷ್ಟೆಲ್ಲ ಚೆಂದವಾಗಿರುವಾಗ ಅವಳ ತಲೆಯಲ್ಲೊಂದು ಗುಂಗಿಹುಳ ಕೊರೆಯುತ್ತಿತ್ತು. ಈ ರ್ಯಾಕ್ ಮೊದಲು ಬಳಕೆಗೆ ಬರುವುದೇ ಅವಳು ಊರು ಬಿಡುವುದಕ್ಕೆ. ಬೆಟ್ಟದ ಮೇಲಿನ ಊರಿನಲ್ಲಿ ಹೊಸ ಹೋಟೆಲೊಂದು ಏಳುತ್ತಿತ್ತು. ಅದರ ಅಷ್ಟೂ ಕೋಣೆಗಳ ಪರದೆ ಅವಳಿಗೆ ಸಿಕ್ಕಿತ್ತು. ಬಂದು ಇಲ್ಲೇ ಇದ್ದುಬಿಡಿ, ಹೊಲಿಗೆಗೂ ವಾಸಕ್ಕೂ ಜಾಗ ಕೊಡುತ್ತೇವೆ ಎಂದು ಅಲ್ಲಿನ ಮ್ಯಾನೇಜರ್ ಹೇಳಿದ್ದ. ಅವಳು “ಇರಲಿ, ನೋಡೋಣ” ಎಂದಿದ್ದಳು. ಮೊದಲ ಭಾನುವಾರ ಕಾಫಿ ಕುಡಿಯುತ್ತ ಇದನ್ನು ಅವನಿಗೂ ಅತ್ತೆಗೂ ಹೇಳಿದ್ದಳು.

‘ಇರಲಿ’ ಎನ್ನುವುದು ಅವಳ ಬಾಯಲ್ಲಿ ಮನೆ ಮಾಡಿದ್ದ ಮಾತು. ಬಟ್ಟೆ ಕತ್ತರಿಸುವಾಗ ಎರಡಿಂಚು ಹೆಚ್ಚು ಇರಲಿ. ಮದುವೆ ಮಾತು ಎತ್ತಿದ ಅಕ್ಕನಿಗೆ, ಇರಲಿ ಬಿಡೇ. ಒಗೆದರೆ ಕುಗ್ಗುವುದು ಬಟ್ಟೆಯ ಗುಣ. ಹೆಚ್ಚಿದ್ದರೆ ಮಡಚಬಹುದು, ಕಡಿಮೆಯಾದರೆ ಎಳೆಯಲಾದೀತೇ? ಬದುಕಿನಲ್ಲೂ ಅವಳು ಹೀಗೆ ನಾಲ್ಕೂ ಕಡೆ ಮಡಿಕೆಗೆ ಬಿಟ್ಟುಕೊಂಡೇ ಬಂದವಳು. ಅವನು ಇದನ್ನು ಎರಡನೇ ಭಾನುವಾರವೇ ಹಿಡಿದು, ‘ಇರಲಿ ಮೇಡಂ’ ಎಂದು ಹೆಸರಿಟ್ಟಿದ್ದ. ರ್ಯಾಕ್ ಮುಗಿದರೆ ಈ ಅಂಗಳಕ್ಕೆ ಬರಲು ನೆಪವಿಲ್ಲ. ಅಷ್ಟರೊಳಗೆ ಅವನೊಂದು ಮಾತು ಆಡಬಾರದೇ ಎಂದು ಅವಳು ಕಾಯುತ್ತಿದ್ದಳು. ತಾನೇ ಆಡಬಹುದೆಂದು ಹೊಳೆಯದೆ ಇರಲಿಲ್ಲ. ಆದರೆ, ಇರಲಿ.

ಅಳೆದು ಸುರಿದು ಕೊನೆಗೊಂದು ಭಾನುವಾರ ಎಲ್ಲ ಟ್ಯಾಕುಗಳೂ ಮುಗಿದವು. ಇಬ್ಬರೂ ಆಚೆ ಈಚೆ ಹಿಡಿದು ರ್ಯಾಕನ್ನು ಎತ್ತಿ ಕಾರಿನ ಮೇಲಿಟ್ಟರು.

ಕೂರಲಿಲ್ಲ. ಕಾಲುಗಳು ಕಾಲುವೆಯನ್ನು ದಾಟಿ ಆ ಕಡೆ ಈ ಕಡೆ ಗಾಳಿಯಲ್ಲಿ ಜೋತಾಡಿದವು. ಸಣ್ಣ ಹುಡುಗನಿಗೆ ಅಣ್ಣನ ಟೋಪಿ ಹಾಕಿದಂತೆ ರ್ಯಾಕು ಕಾರಿನ ತಲೆಯಿಂದ ಜಾರಿತು.

ಅವಳು ಟೇಪು ಹಿಡಿದು ಅಳೆದಳು. ಎಡಕ್ಕೆ ಎರಡಿಂಚು ಹೆಚ್ಚು, ಬಲಕ್ಕೆ ಎರಡಿಂಚು ಹೆಚ್ಚು. ಅವಳ ಮುಖ ಕೆಂಪಾಯಿತು.

“ಡಾಕ್ಟ್ರೇ, ತಪ್ಪು ನಂದು. ಅಳತೆ ಹೇಳುವಾಗ ಎರಡೂ ಕಡೆ ಮಡಿಕೆಗೆ ಅಂತ ಸೇರಿಸಿಬಿಟ್ಟಿದೀನಿ.”

“ಕಬ್ಬಿಣಕ್ಕೆ ಯಾರಾದ್ರೂ ಮಡಿಕೆ ಬಿಡ್ತಾರೇನ್ರೀ?”

“ಕೈ ಅಭ್ಯಾಸ. ಇರಲಿ ಅಂತ…”

ಅತ್ತೆ ಕುರ್ಚಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವಳಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಅವಳಿಗೆ ಒಂದು ವಿಷಯ ಹೊಳೆಯಿತು. ಕಾರು ಪ್ರತಿ ಭಾನುವಾರ ಈ ಅಂಗಳದ ಮುಂದೆಯೇ ನಿಂತಿತ್ತಲ್ಲ. ಮಂಚದ ಕಾಲು ಕೂದಲೆಳೆಯಷ್ಟು ಗಿಡ್ಡವಾದರೂ ಪತ್ತೆ ಹಚ್ಚುವ ಮನುಷ್ಯ, ಕಣ್ಣೆದುರಿನ ಕಾರನ್ನು ಒಮ್ಮೆಯೂ ಅಳೆಯದೆ ಪೈಪು ಕತ್ತರಿಸಿದನೇ? ಅವಳು ತಿರುಗಿ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ಅವಳು ಬಾಯಿ ತೆರೆಯುವ ಮುಂಚೆಯೇ ಅವನು ಗ್ಲೌಸು ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸಿದ. ಗ್ಲೌಸು ಕೈಯಲ್ಲೇ ಇತ್ತು.

“ನೀವು ಅಳತೆ ತಗೊಂಡಿರಲಿಲ್ವಾ?”

“ತಗೊಂಡಿದ್ದೆ.”

“ಯಾವಾಗ?”

“ಮೊದಲನೇ ಭಾನುವಾರಾನೇ. ನೀವು ಒಳಗೆ ಅತ್ತೆ ಜೊತೆ ಕಿಟಕಿ ನೋಡ್ತಿದ್ರಿ.”

“ಹೆಚ್ಚಾಗಿದೆ ಅಂತ ಗೊತ್ತಿದ್ದೂ ಹಂಗೇ ಕತ್ತರಿಸಿದ್ರಾ? ಯಾಕೆ?”

ಅವನು ಗ್ಲೌಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ತೆಗೆದ. ಈ ಬಾರಿ ಅವನ ಕಣ್ಣು ಪೈಪಿನ ಕಡೆ ಓಡಲಿಲ್ಲ.

“ಬಿಚ್ಚಿ ಸರಿ ಮಾಡೋಕೆ ಇನ್ನೊಂದೆರಡು ಭಾನುವಾರ ಬೇಕಾಗುತ್ತಲ್ಲ. ಇರಲಿ ಅಂತ ಬಿಟ್ಕೊಂಡೆ.”

ಜಗಲಿಯಲ್ಲಿ ಅತ್ತೆಗೆ ಇದ್ದಕ್ಕಿದ್ದಂತೆ ಒಳಗೆ ಏನೋ ಕೆಲಸ ನೆನಪಾಯಿತು. ಹೋಗುವಾಗ, ಕಾದಾಗಲೇ ಬಡಿಯಬೇಕಾದದ್ದು ಕಬ್ಬಿಣ ಒಂದೇ ಅಲ್ಲ ಎಂದು ಬಾಗಿಲಿಗೆ ಹೇಳಿ ಹೋದರು.

ಜೀವಮಾನವಿಡೀ ಪರರ ಕಿಟಕಿಗೆ ಮಡಿಕೆ ಬಿಟ್ಟವಳಿಗೆ, ತನಗೋಸ್ಕರ ಒಬ್ಬರು ಹೀಗೆ ಬಿಟ್ಟುಕೊಂಡದ್ದು ಇದೇ ಮೊದಲು. ಸಂತೋಷದಿಂದ ಅವಳ ಕಣ್ಣು ತುಂಬಿತು.

ಆ ದಿನವೇ ಅವರು ಟ್ಯಾಕುಗಳನ್ನು ಬಿಚ್ಚಿದರು. ಅಡ್ಡಪೈಪುಗಳ ತುದಿಯಿಂದ ಹೆಚ್ಚಾದದ್ದನ್ನು ಕತ್ತರಿಸಿ, ಮತ್ತೆ ಟ್ಯಾಕ್ ಹಾಕಿ, ಮತ್ತೆ ಎತ್ತಿ ಇಟ್ಟರು. ಕಾಲುಗಳು ಕಾಲುವೆಯಲ್ಲಿ ಕಟಕ್ಕೆಂದು ಕೂತವು. ಅವನು ಇಡೀ ಕಾರು ಅಲುಗುವಂತೆ ರ್ಯಾಕನ್ನು ಜಗ್ಗಿ ನೋಡಿದ. ಅದು ಜಪ್ಪಯ್ಯ ಎನ್ನಲಿಲ್ಲ. ಮತ್ತೆ ಇಳಿಸಿ ಅಂಗಳದಲ್ಲಿಟ್ಟು, ಬೆಸುಗೆಯ ಹಿಡಿಕೆ ಕೈಯಲ್ಲಿ ಹಿಡಿದು, ಮುಸುಕು ಎಳೆದುಕೊಳ್ಳದೆ ನಿಂತ.

“ಬೆಟ್ಟಕ್ಕೆ ಇಲ್ಲಿಂದ ಎರಡು ಗಂಟೆ ದಾರಿ,” ಎಂದ. “ರ್ಯಾಕ್ ಇದ್ರೆ ಅಲ್ಲೇ ಹೋಗಿ ಇರಬೇಕು ಅಂತೇನಿಲ್ಲ. ಇಲ್ಲಿ ಹೊಲಿದು, ಅಲ್ಲಿ ಹಾಕಿ, ಸಂಜೆಗೆ ವಾಪಸ್ ಬರಬಹುದು. ನಾನು ಅದಕ್ಕೇ ಇದನ್ನ ಮಾಡಿದ್ದು. ಹೋಗೋಕಲ್ಲ, ಹೋಗಿ ಬರೋಕೆ.” ಹಿಡಿಕೆಯಿಂದ ಮೂಲೆಯತ್ತ ತೋರಿಸಿ ಕೇಳಿದ: “ಪೂರ್ತಿ ಬೆಸುಗೆ ಹಾಕಲಾ? ಆಮೇಲೆ ಬಿಚ್ಚೋಕಾಗಲ್ಲ. ನೀವು ಇಲ್ಲೇ ಇರ್ತೀರಾ?”

‘ಇರಲಿ, ನೋಡೋಣ’ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

“ಇರ್ತೀನಿ.”

“ಎರಡಿಂಚು ಹೆಚ್ಚು ಕಮ್ಮಿ?”

“ಇಲ್ಲ. ಸರಿಯಾಗಿ ಅಷ್ಟೇ.”

ಅವನ ಕಣ್ಣು ನಕ್ಕಿತು, ಆಮೇಲೆ ಬಾಯಿ. ಮುಸುಕು ಎಳೆದುಕೊಂಡು, “ಕಣ್ಣು,” ಎಂದ. ಅವಳು ಕಣ್ಣು ಮುಚ್ಚಿ ಪೈಪನ್ನು ಗಟ್ಟಿಯಾಗಿ ಹಿಡಿದಳು. ಈ ಬಾರಿ ಸದ್ದು ಬೇಗ ನಿಲ್ಲಲಿಲ್ಲ, ಮೂಲೆಯ ಸುತ್ತ ಪೂರ್ತಿ ಹರಿಯಿತು.

ರ್ಯಾಕಿಗೆ ಕಪ್ಪು ಬಣ್ಣ ಬಿತ್ತು. ಕತ್ತರಿಸಿ ಉಳಿದ ಪೈಪಿನ ತುಂಡುಗಳನ್ನು ಅವನು ಎಸೆಯದೆ, ಮನೆಯ ಕಿಟಕಿಗಳ ಮೇಲೆ ಪರದೆಯ ಸರಳು ಕೂರುವ ಹಿಡಿಗಳನ್ನಾಗಿ ಮಾಡಿದ. ಹೆಚ್ಚಿದ್ದದ್ದು ಎಂದಿಗಾದರೂ ಉಪಯೋಗಕ್ಕೆ ಬರುತ್ತದೆ ಎಂದು ಅವಳು ಅತ್ತೆಯ ಎದುರು ಜಂಬ ಕೊಚ್ಚಿಕೊಂಡಳು. ಮ್ಯಾನೇಜರಿಗೆ ಫೋನ್ ಮಾಡಿ, ಕೆಲಸಕ್ಕೆ ಬರುತ್ತೇನೆ, ವಾಸಕ್ಕೆ ಜಾಗ ಬೇಡ ಎಂದಳು. ಅಕ್ಕನಿಗೆ ಫೋನ್ ಮಾಡಿ ವಿಷಯ ಹೇಳಿದಾಗ ಆ ಕಡೆಯಿಂದ ಶುರುವಾದ ಮಾತು ನಿಲ್ಲಲೇ ಇಲ್ಲ.

ಮೊದಲ ಸಲ ಬೆಟ್ಟಕ್ಕೆ ಹೊರಟ ಬೆಳಿಗ್ಗೆ ಸರಳುಗಳೆಲ್ಲ ನೆತ್ತಿಯ ಮೇಲೆ ಸಾಲಾಗಿ ಮಲಗಿದ್ದವು. ಅವನು ಹಗ್ಗ ಬಿಗಿದು, ಹಿಂದೆ ಹೋಗಿ, ಅದೇ ಹಳೇ ಕೆಂಪು ಬಟ್ಟೆಯನ್ನು ತುದಿಗೆ ಕಟ್ಟಲು ನೋಡಿದ. ಸರಳು ಈಗ ಎಲ್ಲಿಯೂ ಆಚೆಗೆ ಚಾಚಿರಲಿಲ್ಲ. ಅವಳು ಇಳಿದು ಬಂದು ಬಟ್ಟೆಯನ್ನು ಅವನ ಕೈಯಿಂದ ತೆಗೆದು, ಮಡಚಿ, ಅವನ ಅಂಗಿಯ ಜೇಬಿಗೆ ತುರುಕಿದಳು.

“ಇದು ನಿಮ್ಮ ಹತ್ರಾನೇ ಇರಲಿ,” ಎಂದಳು. “ಸಂಜೆ ಮನೆಗೆ ಬಂದು ಇಸ್ಕೋತೀನಿ.”

ತಿರುವಿನಲ್ಲಿ ಕಾರು ಮೂರನೇ ಗೇರಿಗೆ ಬದಲಾದ ಸದ್ದು ಅವನಿಗೆ ಕೇಳಿಸಿತು.