ಬೆನ್ನು ತಣ್ಣಗಿದ್ದ ಫ್ರಿಜ್ಜು

ಹೊಸ ಫ್ರಿಜ್ಜು ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಧಾರವಾಡದಲ್ಲಿ ಎರಡು ಸಾವಿರದ ಎಪ್ಪತ್ತರ ಜನವರಿ ಚಳಿ; ಒಳಗಿಟ್ಟ ಬೆಣ್ಣೆ ಕಲ್ಲಾಗಿತ್ತು. ನೀಲವ್ವನ ಮೈ ಮಾತ್ರ ಉರಿಯುತ್ತಿತ್ತು. ಮಧ್ಯಾಹ್ನ ರುಬ್ಬಿ ಫ್ರಿಜ್ಜಿನ ಹಿಂದೆ ಇಟ್ಟಿದ್ದ ಇಡ್ಲಿ ಹಿಟ್ಟು ಸಂಜೆಯಾದರೂ ಎಳ್ಳಷ್ಟೂ ಉಬ್ಬಿರಲಿಲ್ಲ. ಬೆಳಗಾದರೆ ಬೀಗರಾಗುವವರು ತಿಂಡಿಗೆ ಬರುವವರು. ‘ನಮ್ಮವ್ವನ ಇಡ್ಲಿ ಹತ್ತಿ ಇದ್ದಂಗ’ ಎಂದು ಮಗಳು ಚಂಪಾ ಅವರೆದುರು ಬಡಾಯಿ ಕೊಚ್ಚಿಕೊಂಡಿದ್ದಳು. ಮಾನ ಹೋಗುವ ಹೊತ್ತು!

ಫ್ರಿಜ್ಜನ್ನು ಪರೀಕ್ಷೆಗೆಂದು ಅವಳ ಮನೆಯಲ್ಲಿ ಇಟ್ಟವರು ಎದುರುಮನೆಯ ವಿಜ್ಞಾನಿ ಹಂಚಿನಾಳ. ನೀಲವ್ವ ಅವರನ್ನೇ ಕರೆತಂದಳು.

“ಹಳೇ ಫ್ರಿಜ್ಜಿನ ಬೆನ್ನು ಬೆಚ್ಚಗಿರ್ತಿತ್ರಿ ಸರ, ಹಿಟ್ಟು ತಾನ ಉಬ್ತಿತ್ತು. ಇದರ ಬೆನ್ನು ಬಾವಿ ನೀರಿನ್ಹಂಗ ತಣ್ಣಗೈತಿ!”

“ಅದ ನಮ್ಮ ಸಂಶೋಧನೆ, ನೀಲವ್ವಾರ. ಫ್ರಿಜ್ಜು ತಂಪು ಹುಟ್ಟಸೂದಿಲ್ಲ, ಒಳಗಿನ ಶಾಖ ಹೊರಗ ಹೊತ್ತು ಹಾಕ್ತೈತಿ.”

ಒಳಗಿನ ಕೊಳವೆಯಲ್ಲಿ ಶೀತಕ ದ್ರವವು ಆಹಾರದ ಶಾಖ ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಇನ್ನಷ್ಟು ಬಿಸಿಯೇರಿಸುತ್ತದೆ. ಬಿಸಿ ಆವಿ ಹಿಂಬದಿಯಲ್ಲಿ ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ; ಕಿರಿದಾದ ನಾಳದಲ್ಲಿ ನುಗ್ಗಿ, ಒತ್ತಡ ಕಳೆದುಕೊಂಡು, ತಣ್ಣಗಾಗಿ ಮೊದಲಿನ ಕೆಲಸಕ್ಕೆ ಹಾಜರು. ಹಂಚಿನಾಳರ ಈ ‘ಗಗನಶೀತಕ’ ಫ್ರಿಜ್ಜು ಅಡುಗೆಮನೆ ಬಿಸಿಯಾಗದಿರಲೆಂದು ಆ ಶಾಖವನ್ನು ಮಾಳಿಗೆಯ ಫಲಕದಿಂದ ಆಕಾಶಕ್ಕೆ ಬಿಡುತ್ತಿತ್ತು.

“ಅಯ್ಯ ನಿಮ್ಮ! ನನ್ನ ಹಿಟ್ಟಿನ ಶಾಖಾ ಚುಕ್ಕಿಗೋಳಿಗೆ ಕೊಟ್ಟೀರೇನು? ಕೆಳಗ ತರ್ರಿ ಮೊದಲು!”

ಹಂಚಿನಾಳರು ಮಾಳಿಗೆಯ ಕೊಳವೆಯನ್ನು ಇಳಿಸಿ ಹಿಟ್ಟಿನ ಪಾತ್ರೆಗೆ ಸುತ್ತಿದರು. ಪಾತ್ರೆ ಬೆಚ್ಚಗಾಗಲಿಲ್ಲ.

“ಒಳಗ ಬಿಸಿ ಇದ್ರ ಹೊರಗ ಬರ್ತೈತ್ರಿ. ನಿಮ್ಮ ಫ್ರಿಜ್ಜಿನ್ಯಾಗ ಬೆಣ್ಣಿ ಒಂದ ಐತಿ,” ಎಂದು ತಲೆ ಕೆರೆದುಕೊಂಡರು.

ಮನೆಗೊಂದು ಫ್ರಿಜ್ಜು ಬಂದ ಮೇಲೆ ಆ ಓಣಿಯಲ್ಲಿ ಹೆಪ್ಪಿಗೆ ಮೊಸರು ಕೇಳಲೂ ಯಾರೂ ಯಾರ ಮನೆಗೂ ಹೋಗುತ್ತಿರಲಿಲ್ಲ. ನೀಲವ್ವ ಸೆರಗು ಸಿಕ್ಕಿಸಿ ಹೊರಟೇಬಿಟ್ಟಳು.

“ಕಾಸಿದ ಹಾಲು, ಸಾರು, ಏನಿದ್ರೂ ತರ್ರೆವಾ! ಬಿಸಿ ಆರೂದ್ರಾಗ ತರ್ರಿ!”

ಹತ್ತು ಮನೆಗಳ ಪಾತ್ರೆಗಳು ಬಂದವು. ಫ್ರಿಜ್ಜು ತುಂಬಿತು. ಸ್ವಲ್ಪ ಹೊತ್ತಿನಲ್ಲೇ ಹಿಟ್ಟಿನ ಪಾತ್ರೆ ಬೆಚ್ಚಗಾಯಿತು. ನೀಲವ್ವನಿಗೆ ಹೋದ ಜೀವ ಬಂದಂತಾಯಿತು.

ಬೆಳಿಗ್ಗೆ ಹಿಟ್ಟು ಮುಚ್ಚಳ ಎತ್ತಿ ಕೂತಿತ್ತು. ಬೀಗರು ಬರುವಷ್ಟರಲ್ಲಿ, ಹಾಲು ಒಯ್ಯಲು ಬಂದವರೆಲ್ಲ ಇಡ್ಲಿಗೆ ಪಂಕ್ತಿ ಕೂತುಬಿಟ್ಟಿದ್ದರು. ವರನ ತಾಯಿ ಆರನೆಯ ಇಡ್ಲಿ ಮುರಿಯುತ್ತ ಕೇಳಿದರು: “ಇಷ್ಟೂ ಮಂದಿ ನಿಮ್ಮ ಬಳಗೇನ್ರಿ?”

“ನಿನ್ನಿ ತನಕ ಇರಲಿಲ್ರಿ,” ಎಂದಳು ನೀಲವ್ವ.

ಮೂಲೆಯಲ್ಲಿ ಹಂಚಿನಾಳರು ಪರೀಕ್ಷೆಯ ವರದಿ ತುಂಬುತ್ತಿದ್ದರು. ‘ಸಾಮರ್ಥ್ಯ’ ಎಂಬಲ್ಲಿ ಲೀಟರ್ ಲೆಕ್ಕ ಹೊಡೆದುಹಾಕಿ, ‘ಹತ್ತು ಮನೆ’ ಎಂದು ಬರೆದರು.