ಲಿಸ್ಬನ್-ಮ್ಯಾಡ್ರಿಡ್ ನಡುವಿನ ಆ ಒಂದು ಗಂಟೆ

ಪಿಸ್ತೂಲು ನನ್ನ ಕಡೆ ತಿರುಗಿರಲಿಲ್ಲ. ಅಷ್ಟೇ ಸಮಾಧಾನ!

ಅದು ಕೇಶವಮೂರ್ತಿಯ ತೊಡೆಯ ಮೇಲಿತ್ತು. ಕಾರು ನಮ್ಮ ಊರು ಕ್ಯಾರಿಯಿಂದ ಪಕ್ಕದ ಡರ್ಹಮ್ ಕಡೆಗೆ ತೊಂಬತ್ತು ಮೈಲಿ ವೇಗದಲ್ಲಿ ಓಡುತ್ತಿತ್ತು. ಪಕ್ಕದ ಸೀಟಿನಲ್ಲಿ ನಾನು... ಶರಣ್, ಪ್ರೈವೇಟ್ ಡಿಟೆಕ್ಟಿವ್. ಗಂಡಂದಿರ ಸಂಶಯದಿಂದಲೇ ನನ್ನ ಹೊಟ್ಟೆ ತುಂಬುವುದು. ನನ್ನ ಹೆಂಡತಿ ಪ್ರತಿಭಾ ಬಿಟ್ಟುಹೋಗಿ ಎರಡು ವರ್ಷವಾಗಿತ್ತು. ಅದಿರಲಿ.

ಮೂರ್ತಿ ನನ್ನ ಕ್ಲೈಂಟ್. ಅವನ ಹೆಂಡತಿಯ ಹೆಸರು ಇಂದು. ಅವಳು ಆಫೀಸ್ ಕೆಲಸಕ್ಕೆಂದು ಯೂರೋಪಿಗೆ ಹೋಗಿ ಬಂದಿದ್ದಳು. ಜೊತೆಗೆ ಹೋದವನು ಸಹೋದ್ಯೋಗಿ ಸೌರಭ್. ಈಗ ನಾವು ಹೊರಟಿದ್ದು ಆ ಸೌರಭ್‌ನನ್ನು ಹುಡುಕಿಕೊಂಡು!

“ಸ್ವಲ್ಪ ಸ್ಲೋ ಮಾಡಿ, ಮೂರ್ತಿ.”

“ಒಂದು ಗಂಟೆ, ಶರಣ್! ಆ ಒಂದು ಗಂಟೆ ಇಬ್ರೂ ಎಲ್ಲಿದ್ರು?”

“ಯಾವ ಗಂಟೆ?”

“ಲಿಸ್ಬನ್‌ನಿಂದ ಮ್ಯಾಡ್ರಿಡ್‌ಗೆ ಐನೂರು ಕಿಲೋಮೀಟರ್. ಒಂದು ಗಂಟೆ ಇಪ್ಪತ್ತು ನಿಮಿಷದ ಫ್ಲೈಟು. ಗೂಗಲ್ ಮಾಡಿದೀನಿ! ಹತ್ತಕ್ಕೆ ಹೊರಟೋರು ಹನ್ನೆರಡು ಇಪ್ಪತ್ತಕ್ಕೆ ಇಳಿದ್ವಿ ಅಂತಾಳೆ. ಲೇಟಾಯ್ತಾ ಅಂದ್ರೆ ಇಲ್ಲ, ಆನ್ ಟೈಮ್ ಅಂತೆ!”

“ಟಿಕೆಟ್ ನೋಡಿದ್ರಾ?”

“ಅದರಲ್ಲೂ ಹಾಗೇ ಇದೆ. ಎಡಿಟ್ ಮಾಡಿದಾಳೆ!”

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಟಿಕೆಟ್ಟಿನ ಪ್ರಿಂಟ್ ಡ್ಯಾಶ್‌ಬೋರ್ಡ್ ಮೇಲೆಯೇ ಬಿದ್ದಿತ್ತು. ನಾನು ಎತ್ತಿಕೊಂಡೆ. ಓದುವಷ್ಟರಲ್ಲಿ ಕಾರು ಕಿರ್ರನೆ ನಿಂತಿತು.

ಸೌರಭ್‌ನ ಆಫೀಸಿನ ಪಾರ್ಕಿಂಗ್ ಲಾಟ್.

ಅವನೇ ಬರುತ್ತಿದ್ದ! ಕೈಯಲ್ಲಿ ಊಟದ ಡಬ್ಬಿ, ಕಿವಿಯಲ್ಲಿ ಇಯರ್‌ಫೋನ್. ಏನೂ ಅರಿಯದ ಮನುಷ್ಯ.

ಮೂರ್ತಿ ಬಾಗಿಲು ತೆರೆದು ಇಳಿದ. ಪಿಸ್ತೂಲು ಮೇಲೆದ್ದಿತು.

ನಾನು ಕಾರು ಸುತ್ತಿಕೊಂಡು ಓಡಿ ಇಬ್ಬರ ನಡುವೆ ನಿಂತೆ. ಈಗ ಅದು ನನ್ನ ಎದೆಗೇ ನೆಟ್ಟಿತ್ತು! ಟಿಕೆಟ್ಟನ್ನು ಅವನ ಮುಖದೆದುರು ಹಿಡಿದೆ.

“ಕೆಳಗಿನ ಲೈನ್ ಓದಿ! ವಾಪಸ್ ಬಂದಿದ್ದು!”

“ಶರಣ್, ಪಕ್ಕಕ್ಕೆ ಹೋಗಿ...”

“ಓದಿ!”

ಅವನ ತುಟಿಗಳು ಅಲುಗಿದವು.

“ಮ್ಯಾಡ್ರಿಡ್... ಹತ್ತು ಗಂಟೆ. ಲಿಸ್ಬನ್... ಹತ್ತು ಇಪ್ಪತ್ತು.”

“ಐನೂರು ಕಿಲೋಮೀಟರ್ ಇಪ್ಪತ್ತೇ ನಿಮಿಷಕ್ಕಾ? ನಿಮ್ಮ ಮಿಸೆಸ್ ರಾಕೆಟ್‌ನಲ್ಲಿ ಬಂದ್ರಾ? ಮ್ಯಾಡ್ರಿಡ್ ಗಡಿಯಾರ ಒಂದು ಗಂಟೆ ಮುಂದಿದೆ, ಮಾರಾಯ್ರೇ! ಹೋಗುವಾಗ ಕಳೆದ ಗಂಟೆ ಬರುವಾಗ ಸಿಕ್ಕಿದೆ!”

ಪಿಸ್ತೂಲು ಕೆಳಗಿಳಿಯಿತು. ಕಿತ್ತುಕೊಂಡೆ.

ಸೌರಭ್ ಹಾಡು ಗುನುಗುತ್ತಾ ತನ್ನ ಕಾರು ಹತ್ತಿ ಹೊರಟೇಹೋದ. ಜೀವ ಉಳಿದದ್ದು ಅವನಿಗೆ ಗೊತ್ತೇ ಇಲ್ಲ.

ಮೂರ್ತಿ ಅಲ್ಲೇ ಕೂತು ಫೋನ್ ಮಾಡಿದ.

“ಇಂದೂ... ಸಾರಿ ಕಣೇ. ಊಟಕ್ಕೆ ಮನೆಗೇ ಬರ್ತೀನಿ.”

ಅತ್ತ ಕಡೆಯಿಂದ ಅವಳ ನಗು ಕೇಳಿಸಿತು. ನನಗೆ ಹೊಟ್ಟೆ ಉರಿಯಿತು! ಎಂಥ ಅದೃಷ್ಟವಂತ... ಸಂಶಯಪಟ್ಟು ತಪ್ಪಾದವನು!

ನನ್ನ ಪ್ರತಿಭಾಳದ್ದು ಯೂರೋಪಲ್ಲ. ಇಲ್ಲೇ ಪಕ್ಕದ ರಾಲಿಯಿಂದ ಅಟ್ಲಾಂಟಾಗೆ ಒಂದೂವರೆ ಗಂಟೆಯ ಫ್ಲೈಟು, ಅವಳು ಹೋಟೆಲ್ ಸೇರಿದ್ದು ಫ್ಲೈಟ್ ಹತ್ತಿ ಏಳು ಗಂಟೆ ಕಳೆದ ಮೇಲೆ. ನಾನೂ ಟೈಮ್ ಝೋನ್ ಮ್ಯಾಪ್ ತೆಗೆದು ಮೂರು ಸಲ ನೋಡಿದ್ದೆ.

ಎರಡೂ ಊರಿಗೆ ಒಂದೇ ಗಡಿಯಾರ!