ಮೆತ್ತಗಾಗುವ ನೆಲ

ನೀಲಗಂಗವ್ವನ ಬಲಗಾಲು ಜಾರಿದ್ದೇ ತಡ, ಬಚ್ಚಲಿನ ನೆಲ ಮೆತ್ತಗಾಯಿತು. ಕಲ್ಲಿನಷ್ಟು ಗಟ್ಟಿಯಿದ್ದ ಹಾಸು, ಮೈ ತಾಗುವಷ್ಟರಲ್ಲಿ ಹತ್ತಿಯ ಗಾದಿಯಂತೆ ತಗ್ಗಿ ಎಪ್ಪತ್ತೊಂದರ ಆ ಮುದುಕಿಯನ್ನು ಮಡಿಲಿಗೆ ತೆಗೆದುಕೊಂಡಿತು. ವಾರದ ಹಿಂದೆ ಕೂಡಿಸಿದ ಸೊಂಟದ ಎಲುಬಿಗೆ ಏನೂ ಆಗಲಿಲ್ಲ.

2061ರಲ್ಲಿ ವಿಜಯಪುರದ ಆ ಆಸ್ಪತ್ರೆಗೆ ಈ ನೆಲ ಹಾಕಿಸಿದವಳು ವಿಜ್ಞಾನಿ ಮೆಹಜಬೀನ್ ನದಾಫ್. ಹಾಸಿನಡಿ ಒಂದು ಬಗೆಯ ಅಂಟುದ್ರವ. ಕರೆಂಟು ಹರಿಯುವವರೆಗೆ ಕಲ್ಲು, ನಿಂತರೆ ಮೇಣ. ಅಂಗಾಲಿನ ಭಾರ ಪಕ್ಕಕ್ಕೆ ಹೊರಳುವುದನ್ನು ಅದು ಬೀಳುವವರಿಗಿಂತ ಮೊದಲೇ ಅರಿಯುತ್ತಿತ್ತು. ಗಾದಿ ಹೊಲಿಯುವವರ ಮನೆಯ ಹುಡುಗಿ ನೆಲವನ್ನೇ ಗಾದಿ ಮಾಡಿದಳೆಂದು ನರ್ಸುಗಳು ಹೆಮ್ಮೆಪಡುತ್ತಿದ್ದರು. ಎರಡು ವರ್ಷದಲ್ಲಿ ಅಲ್ಲಿ ಒಬ್ಬರ ಎಲುಬೂ ಮುರಿದಿರಲಿಲ್ಲ.

ಆದರೂ ಆ ದಿನ ಮೆಹಜಬೀನಳಿಗೆ ಸಮಾಧಾನವಿರಲಿಲ್ಲ. ನೆಲದ ದಾಖಲೆಯಂತೆ ನೀಲಗಂಗವ್ವ ಬಿದ್ದದ್ದು ಇದು ನಾಲ್ಕನೆಯ ಸಲ. ನಾಳೆ ಆಕೆ ಮನೆಗೆ ಹೊರಡುವವಳು. ಅಲ್ಲಿರುವುದು ಬರಿಯ ಶಹಾಬಾದಿ ಕಲ್ಲು. ಒಮ್ಮೆ ಬಿದ್ದರೆ ಮತ್ತೆ ಏಳುವುದು ಕಷ್ಟ. ದಾಖಲೆಯನ್ನು ಇನ್ನೊಮ್ಮೆ ನೋಡಿದಳು. ನಾಲ್ಕೂ ಸಲ ಬಚ್ಚಲ ಬಾಗಿಲಿನಿಂದಲೇ ಅವಸರದ ಹೆಜ್ಜೆಗಳು.

ಅಷ್ಟು ಅವಸರ ಯಾಕೆಂದು ಕೇಳಿದಾಗ ಮುದುಕಿ ಸೆರಗು ಮುಂದೆಳೆದುಕೊಂಡಳು.

"ಅಳಿಯಂದ್ರು ಇಲ್ಲೇ ಕುಂತಿರ್ತಾರಲ್ಲ ಅಕ್ಕಾರ. ಅವರ ಎದುರು ಎದ್ದು ಬಚ್ಚಲಕ್ಕ ಹ್ಯಾಂಗ ಹೋಗ್ಲಿ? ಅವರು ಚಾ ಕುಡಿಯಾಕ ಹೋಗೂತನಾ ತಡಕೊಂಡಿರ್ತೀನಿ."

"ನರ್ಸನ್ನ ಕರೀಬೇಕಿಲ್ಲೇನ್ ಯವ್ವಾ?"

"ಕರದ್ರ ಅವರಿಗೆ ತಿಳಿಯೂದಿಲ್ಲೇನು? ಬಿದ್ರ ಬೀಳ್ತೀನಿ. ನಿಮ್ಮ ನೆಲಾ ಐತಲ್ಲ."

ಮೆಹಜಬೀನ್ ಹೊರಗೆ ಬಂದು ಅಳಿಯ ಸಂಗನಬಸವನಿಗೆ ವಿಷಯ ತಿಳಿಸಿದಳು. ಅತ್ತೆಯನ್ನು ಒಂದು ಗಳಿಗೆಯೂ ಬಿಟ್ಟಿರಬಾರದೆಂದು ಆತ ಚಹವನ್ನೂ ಕಡಿಮೆ ಮಾಡಿದ್ದನಂತೆ. "ನಾ ಸೇವಾ ಮಾಡಾಕತ್ತೀನಿ ಅಂತ ತಿಳಿದಿದ್ದೆ ನೋಡ್ರಿ," ಎಂದ.

ಮಧ್ಯಾಹ್ನದಿಂದ ಆತ ಎರಡು ತಾಸಿಗೊಮ್ಮೆ, ಏನೋ ಕೆಲಸವಿದ್ದವನಂತೆ, ವರಾಂಡಕ್ಕೆ ಹೋಗಿ ನಿಲ್ಲತೊಡಗಿದ. ದಾಖಲೆಯಲ್ಲಿ ನೀಲಗಂಗವ್ವನ ಹೆಜ್ಜೆಗಳು ಒಂದೊಂದಾಗಿ, ನಿಧಾನವಾಗಿ ಮೂಡಿದವು. ನೆಲ ಗಟ್ಟಿಯಾಗಿಯೇ ಉಳಿಯಿತು.

ಮರುದಿನ ಮೆಹಜಬೀನ್ ಡಾಕ್ಟರಿಗೆ ಹೇಳಿ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಕೆಳಗೆ ಒಂದು ಸಾಲು ಬರೆಸಿದಳು: ಎರಡು ತಾಸಿಗೊಮ್ಮೆ ಗಂಡಸರು ಹೊರಗೆ ಹೋಗತಕ್ಕದ್ದು.

ಹನ್ನೆರಡು ವರ್ಷ ದುಡಿದು ಕಟ್ಟಿದ ನೆಲ ಅವಳಿಗೆ ಇದನ್ನು ತೋರಿಸಿಕೊಟ್ಟಿತ್ತು. ಆ ಸಾಲನ್ನು ಬರೆಯಲು ಮಾತ್ರ ಯಾವ ನೆಲವೂ ಬೇಕಿರಲಿಲ್ಲ. ಈ ನೆಲ ಬರುವ ಎಷ್ಟೋ ವರ್ಷ ಮೊದಲೇ, ಯಾವ ವಾರ್ಡಿನಲ್ಲಾದರೂ, ಯಾರಾದರೂ ರೋಗಿಯನ್ನು ಕೇಳಿ ಬರೆಯಬಹುದಿತ್ತು.